ಕರೆಂಟು ಗಾಡಿ ಕಡ್ಡಾಯ ಮಾಡಿದರೆ ನಮ್ಮ ಗುಡ್ಡೆ ಮನೆಗಳ ಅರ್ತಿಂಗು ತಡೆದೀತೆ?

ಗಡಿನಾಡ_ಗಾಲಿ:
“2030ರಿಂದ ಪೆಟ್ರೋಲ್ ಗಾಡಿ ರಸ್ತೆಗಿಳಿಯುವ ಹಾಗಿಲ್ಲ” ಎಂಬ ವಾಟ್ಸಾಪ್ ಸಂದೇಶ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಅಡೂರಿನವರೆಗೆ ಮತ್ತೆ ಒಂದು ಸುತ್ತು ಬಂದಿದೆ. ಹೆದ್ದಾರಿ ಬದಿಯ ಉಪ್ಪಳ, ಹೊಸಂಗಡಿಯವರ ಚಿಂತೆ ಒಂದು ನಮೂನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಿಂದ ಒಳಗೆ ಗುಡ್ಡೆಯ ಮೇಲೆ ಮನೆ ಇರುವವರದ್ದು ಬೇರೆಯೇ. ಕಡ್ಡಾಯ ಅನ್ನುವುದು ನಿಜವಾಗಿ ಎಲ್ಲಿ ಉಂಟು, ಎಲ್ಲಿ ಇಲ್ಲ? ಬಂದರೆ ಮೊದಲು ಯಾವುದು ಕೈಕೊಡುತ್ತದೆ: ಗಾಡಿಯಾ, ಮನೆ ವಯರಿಂಗಾ, ಕಂಬದ ಲೈನಾ? ಪರಿಸರದ ಭಾಷಣವೂ ಬೇಡ, ತೈಲ ಕಂಪೆನಿಗಳ ಪಿತೂರಿ ಕಥೆಯೂ ಬೇಡ. ಅಂಕಿಅಂಶ ಹೇಳುವವರು ಹೇಳಿ.

ಕೆಎಲ್_ಹದಿನಾಲ್ಕು:
ಇಂಥ ತಾರೀಕಿನಿಂದ ಪೆಟ್ರೋಲ್, ಡೀಸೆಲ್ ವಾಹನ ಮಾರಬಾರದು ಎಂಬ ಕೇಂದ್ರ ಕಾನೂನು ಭಾರತದಲ್ಲಿಲ್ಲ. 2019ರಲ್ಲಿ ನೀತಿ ಆಯೋಗ ಮೂರು ಚಕ್ರದ ವಾಹನ 2023ರಿಂದ, 150 ಸಿಸಿಗಿಂತ ಕೆಳಗಿನ ದ್ವಿಚಕ್ರ 2025ರಿಂದ ವಿದ್ಯುತ್ತಿನದ್ದೇ ಇರಲಿ ಎಂದು ಸೂಚಿಸಿತ್ತು. ತಯಾರಕರು ಬೊಬ್ಬೆ ಹೊಡೆದರು, ಅದು ನಿಯಮವಾಗಲಿಲ್ಲ. 2030 ಎಂಬ ಇಸವಿ ಬಂದದ್ದು ಗುರಿಯಾಗಿ: ಹೊಸ ಖಾಸಗಿ ಕಾರುಗಳಲ್ಲಿ ಶೇ. 30, ವಾಣಿಜ್ಯ ವಾಹನ ಶೇ. 70, ಬಸ್ಸು ಶೇ. 40, ಎರಡು ಮತ್ತು ಮೂರು ಚಕ್ರದ್ದು ಶೇ. 80. ಗುರಿ ಮುಟ್ಟದಿದ್ದರೆ ನಿಮ್ಮ ಗಾಡಿಯನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ.

ಹೊರಗಿನ ಉದಾಹರಣೆ ಕೊಡುವವರು ಒಂದು ವ್ಯತ್ಯಾಸ ಗಮನಿಸಿ. ಯುರೋಪಿನ 2035 ಆಗಲಿ, ಬ್ರಿಟನ್ನಿನ 2030 ಆಗಲಿ ಹೊಸ ಗಾಡಿಯ ಮಾರಾಟಕ್ಕೆ ಸಂಬಂಧಿಸಿದ್ದು, ಈಗಾಗಲೇ ಓಡುತ್ತಿರುವುದಕ್ಕಲ್ಲ. ಬ್ರಿಟನ್ 2023ರ ಸೆಪ್ಟೆಂಬರಿನಲ್ಲಿ ಅದನ್ನು 2035ಕ್ಕೆ ದೂಡಿ, ಸರಕಾರ ಬದಲಾದ ಮೇಲೆ 2030ಕ್ಕೇ ವಾಪಸು ತಂದಿತು. ನಾರ್ವೆಯಲ್ಲಿ ನಿಷೇಧವೇ ಇಲ್ಲ. ಪೆಟ್ರೋಲ್ ಕಾರಿಗೆ ತೆರಿಗೆ ಏರಿಸಿ, ವಿದ್ಯುತ್ತಿನದ್ದಕ್ಕೆ ಇಳಿಸಿ 2024ರ ಹೊಸ ಕಾರುಗಳಲ್ಲಿ ಶೇ. 89ರಷ್ಟಕ್ಕೆ ಮುಟ್ಟಿಸಿದರು. ನಿಜವಾಗಿ ಬಾಗಿಲು ಮುಚ್ಚಿದ್ದು ಇಥಿಯೋಪಿಯ: 2024ರಲ್ಲಿ ಎಣ್ಣೆಯ ಕಾರುಗಳ ಆಮದನ್ನೇ ನಿಲ್ಲಿಸಿತು. ಅಲ್ಲಿ ಜಲವಿದ್ಯುತ್ ಅಗ್ಗ, ಎಣ್ಣೆಗೆ ಕೊಡಲು ಡಾಲರ್ ಇಲ್ಲ. ರಾಜಧಾನಿ ಬಿಟ್ಟು ಹೊರಗೆ ಹೋದರೆ ಚಾರ್ಜ್ ಮಾಡುವ ಜಾಗ ಸಿಗುವುದೇ ಕಷ್ಟ. ನಮಗೆ ಪಾಠ ಬೇಕಾದರೆ ನಾರ್ವೆಗಿಂತ ಅಲ್ಲಿ ಹೆಚ್ಚು ಸಿಕ್ಕೀತು.

ನಮ್ಮಲ್ಲಿ ನಡೆಯುತ್ತಿರುವುದು ಹಿತ್ತಿಲ ಬಾಗಿಲಿನ ಕಡ್ಡಾಯ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಹಾರಿತು. ತಮಾಷೆ ಎಂದರೆ ಇನ್ನೊಂದು ಕೈ ಎದುರು ದಿಕ್ಕಿಗೆ ಎಳೆಯುತ್ತಿದೆ. ಕೇರಳದಲ್ಲಿ ವಿದ್ಯುತ್ ಕಾರಿಗೆ ಒಂದೇ ಶೇ. 5 ಇದ್ದ ತೆರಿಗೆ, 2025ರ ಏಪ್ರಿಲ್‌ನಿಂದ 15 ಲಕ್ಷ ದಾಟಿದರೆ ಶೇ. 8, 20 ಲಕ್ಷ ದಾಟಿದರೆ ಶೇ. 10 ಆಯಿತು.

ಕಂಗಿನಬುಡ:
ಕಾನೂನು ಇರಲಿ ಮಾರಾಯ್ರೆ. ಜನವರಿಯಿಂದ ಮೇ ತನಕ ಕಂಗಿನ (ಅಡಿಕೆ) ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ಬಲ್ಬು ಮಿಣಿಮಿಣಿ ಅನ್ನುತ್ತದೆ. ಆ ಲೈನಿಗೆ ಕಾರು ಸಿಕ್ಕಿಸುವುದು ಹೇಗೆ? ಸ್ಟೆಬಿಲೈಸರ್ ಹಾಕಿದರೆ ಆದೀತಾ?

ತಂತಿ_ಮಾವ:
ಸ್ಟೆಬಿಲೈಸರ್ ಹಾಕಲೇಬೇಡಿ. ಅದು 180 ವೋಲ್ಟನ್ನು 230 ಮಾಡಿ ಕೊಡಬೇಕಾದರೆ ಕಂಬದಿಂದ 14.3 ಆಂಪಿಯರ್ ಬದಲಿಗೆ 18ಕ್ಕೂ ಮೇಲೆ ಎಳೆಯುತ್ತದೆ. ಎಳೆದಷ್ಟೂ ಲೈನು ಇನ್ನೂ ಕುಸಿಯುತ್ತದೆ, ಆಚೆ ಮನೆಯ ಪಂಪು ಗುಂಯ್‌ಗುಡುತ್ತ ನಿಲ್ಲುತ್ತದೆ. ಒಳಗಿನ ರಿಲೇ ಟಕ್ ಟಕ್ ಎಂದಾಗಲೆಲ್ಲ ಚಾರ್ಜರ್ ನಿಂತು ಮೊದಲಿನಿಂದ ಶುರುವಾಗುತ್ತದೆ.

ಮೊದಲು ನಿಮ್ಮ ಲೈನು ಎಷ್ಟು ಗಟ್ಟಿ ಅಂತ ಅಳೆಯಿರಿ. ಪಂಪು ಓಡುವ ಹೊತ್ತಿಗೆ, ಗಾಡಿ ನಿಲ್ಲುವ ಜಾಗದ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಇಡಿ. ಲೋಡ್ ಇಲ್ಲದೆ 215 ತೋರಿಸಿತು ಅಂತ ಇಟ್ಟುಕೊಳ್ಳಿ. ಅದೇ ಬೋರ್ಡಿನಲ್ಲಿ 2 ಕಿಲೋವಾಟ್ ಹೀಟರ್ ಹಾಕಿ. 8 ಆಂಪಿಯರ್ ಹರಿದು 206ಕ್ಕೆ ಇಳಿಯಿತು. ಒಂಬತ್ತನ್ನು ಎಂಟರಿಂದ ಭಾಗಿಸಿದರೆ 1.1 ಓಮ್, ಅದು ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಸಾಕೆಟ್ಟಿನವರೆಗಿನ ತಂತಿಯ ಪ್ರತಿರೋಧ. 14.3 ಆಂಪಿಯರಿನ ಚಾರ್ಜರ್ ಹಾಕಿದರೆ 16 ವೋಲ್ಟ್ ಬಿದ್ದು 199 ಉಳಿಯುತ್ತದೆ. ಚಾರ್ಜ್ ಆಗುತ್ತದೆ, ಆದರೆ 3.3 ಕಿಲೋವಾಟ್ ಅಲ್ಲ, 2.8. ಇಳಿತ 25 ವೋಲ್ಟ್ ದಾಟಿದರೆ ಎಲ್ಲೋ ಜಾಯಿಂಟ್ ಸಡಿಲ ಉಂಟು ಎಂದೇ ತಿಳಿಯಿರಿ. ಹೆಚ್ಚಾಗಿ ಕಂಬದಲ್ಲಿ ಸರ್ವಿಸ್ ವಯರ್ ತಿರುಚಿದ ಜಾಗ, ಇಲ್ಲವೇ ಮೀಟರಿನ ಕೆಳಗಿನ ಕಟೌಟು (ಫ್ಯೂಸ್). ಕಂಬ ಹತ್ತುವುದು ಲೈನ್‌ಮ್ಯಾನ್ ಕೆಲಸ, ನಿಮ್ಮದಲ್ಲ.

ಇನ್ನೊಂದು. ಎಲ್ಲರೂ ಟ್ಯಾಂಕ್ ತುಂಬಿಸುವ ಲೆಕ್ಕದಲ್ಲಿ ಯೋಚಿಸುತ್ತಾರೆ. ದಿನಕ್ಕೆ 40 ಕಿ.ಮೀ. ಓಡುವ ಸಣ್ಣ ಕಾರಿಗೆ ಬೇಕಾಗುವುದು 5.6 ಯೂನಿಟ್, ಚಾರ್ಜರಿನ ನಷ್ಟ ಸೇರಿ ಆರೂವರೆ. ಕರೆಂಟನ್ನು 8 ಆಂಪಿಯರಿಗೆ ಇಳಿಸುವ ಸೌಕರ್ಯ ಇರುವ ಚಾರ್ಜರಾದರೆ ಅಷ್ಟಕ್ಕೆ 4 ಗಂಟೆ ಸಾಕು. ರಾತ್ರಿ 10ಕ್ಕೆ ಪೀಕ್ ಮುಗಿದ ಮೇಲೆ ಟೈಮರ್ ಇಟ್ಟರೆ ಪಂಪೂ ಬದುಕುತ್ತದೆ, ಕಾರೂ ಬದುಕುತ್ತದೆ.

ಗಡಿನಾಡ_ಗಾಲಿ:
ಮನೆಯಿಂದ ಶೆಡ್ಡಿಗೆ ವಯರು ಎಷ್ಟು ದಪ್ಪ ಬೇಕು? ಹೆಚ್ಚಿನವರು ಮನೆ ಕಟ್ಟುವಾಗ ಉಳಿದ ಎರಡೂವರೆ ಸ್ಕ್ವೇರನ್ನೇ ಎಳೆಯುತ್ತಾರೆ.

ತಂತಿ_ಮಾವ:
40 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಾಮ್ರದಲ್ಲಿ ಎಂಟೂವರೆ ವೋಲ್ಟ್ ಬೀಳುತ್ತದೆ, 120 ವಾಟ್ ಬರಿದೇ ಬಿಸಿಯಾಗಿ ಹೋಗುತ್ತದೆ. 4ರಲ್ಲಿ ಐದು ಚಿಲ್ಲರೆ, 6ರಲ್ಲಿ ಮೂರೂವರೆ. 6 ಹಾಕಿ, ಒಂದೇ ಸಲ ಮುಗಿಯಲಿ. ನೆಲದಡಿ ಪೈಪಿನಲ್ಲಿ ಹೋಗಲಿ. ಕಂಗಿನಿಂದ ಕಂಗಿಗೆ ಕಟ್ಟಿದ ವಯರು ಮೊದಲ ಮಳೆಗಾಲಕ್ಕೇ ಸಿಪ್ಪೆ ಬಿಡುತ್ತದೆ.

ಸಾಕೆಟ್ ಹಳೆಯ 15 ಆಂಪಿಯರಿನ ಬಿಳಿಯದ್ದು ಆಗದು. ಮಿಕ್ಸಿ, ಹೀಟರಿಗೆ ಹತ್ತು ನಿಮಿಷ ತಡೆಯುವ ಹಿತ್ತಾಳೆ ಎಲೆ ಎಂಟು ಗಂಟೆ 14 ಆಂಪಿಯರ್ ತಡೆಯುವುದಿಲ್ಲ. ಸಡಿಲಾಗುತ್ತದೆ, ಸಡಿಲಾದಷ್ಟು ಬಿಸಿಯಾಗುತ್ತದೆ, ಕೊನೆಗೆ ಪ್ಲಗ್ಗಿನ ಜತೆ ಕರಗಿ ಒಂದಾಗುತ್ತದೆ. ಮುಚ್ಚಳ ಇರುವ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಹಾಕಿ. ಚಾರ್ಜರಿನ ಪ್ಲಗ್ಗು ಮನೆಬಳಕೆಯದ್ದಾದರೆ ಮಾಡ್ಯುಲರ್ 16 ಆಂಪಿಯರಿನ ಹೊಸದು, ಅದಕ್ಕೇ ಪ್ರತ್ಯೇಕ 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು). ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಮೊದಲ ದಿನ ಒಂದು ಗಂಟೆ ಆದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಿಲ್ಲಿಸಿ.

7.2 ಕಿಲೋವಾಟಿನ ಗೋಡೆ ಚಾರ್ಜರ್ ಆಸೆ ಇರುವವರಿಗೆ: ಕೇರಳದಲ್ಲಿ ಸಿಂಗಲ್ ಫೇಸ್ ಸಂಪರ್ಕ 5 ಕಿಲೋವಾಟ್ ಲೋಡಿನವರೆಗೆ ಮಾತ್ರ. ತ್ರೀ ಫೇಸ್ ಮಾಡಿಸಿದರೂ ಕಾರಿನೊಳಗಿನ ಚಾರ್ಜರ್ ಸಿಂಗಲ್ ಫೇಸಿನದ್ದಾದರೆ ಪೂರ್ತಿ 32 ಆಂಪಿಯರ್ ಒಂದೇ ಫೇಸಿನ ತಲೆಯ ಮೇಲೆ.

ಕಂಗಿನಬುಡ:
ಟ್ರಾನ್ಸ್‌ಫಾರ್ಮರ್ ತಡೆಯುತ್ತದಾ?

ತಂತಿ_ಮಾವ:
100 ಕೆವಿಎ ಸಾಮರ್ಥ್ಯದ್ದಾದರೆ ಫೇಸಿಗೆ 133 ಆಂಪಿಯರ್. ಒಂದೇ ಫೇಸಿನಲ್ಲಿ ಹತ್ತು ಕಾರು ಒಟ್ಟಿಗೆ ನಿಂತರೆ 143. 25 ಕೆವಿಎ ಆದರೆ ಫೇಸಿಗೆ 33, ಅಂದರೆ ಎರಡು ಕಾರು ಮತ್ತು ಒಂದು ಗ್ರೈಂಡರ್. ಗುಡ್ಡೆ ಹತ್ತುವ ಎರಡು ತಂತಿಯ ಲೈನಿನಲ್ಲಿ ಸಾಲು ಮನೆಗಳೆಲ್ಲ ಒಂದೇ ಫೇಸಿನ ಮಕ್ಕಳು ಎಂಬುದನ್ನು ನೆನಪಿಡಿ. ಕಡ್ಡಾಯ ಮಾಡುವವರು ಮೊದಲು ನೋಡಬೇಕಾದ್ದು ಈ ಬಾಲದ ತುದಿ. ಜಿಲ್ಲೆಯಲ್ಲಿ ವಿದ್ಯುತ್ತೇ ಇಲ್ಲ ಅನ್ನುವುದು ಸರಿಯಲ್ಲ. ಅಂಬಲತ್ತರದಲ್ಲಿ 50 ಮೆಗಾವಾಟಿನ ಸೌರ ಪಾರ್ಕೇ ಇದೆ. ಅದು ಹಗಲಿನ ಕರೆಂಟು, ನಮಗೆ ಬೇಕಾಗುವುದು ರಾತ್ರಿ. ಬಾಲದ ತುದಿಗೆ ತಲುಪುವ ತಂತಿ ಅದೇ ಹಳೆಯದು.

ಮುಳ್ಳೇರಿಯ_ಮಳೆ:
ಚಾರ್ಜರ್ ಕೆಂಪು ದೀಪ ತೋರಿಸಿ “ಅರ್ತ್ ಇಲ್ಲ” ಅನ್ನುತ್ತದೆ. ನ್ಯೂಟ್ರಲನ್ನು ಸಾಕೆಟ್ಟಿನೊಳಗೇ ಅರ್ತ್ ಪಿನ್ನಿಗೆ ಲೂಪ್ ಕೊಟ್ಟರೆ ಹಸಿರಾಗುತ್ತದೆ ಅಂತ ಇಲ್ಲಿ ಹಲವರು ಮಾಡುತ್ತಾರೆ. ತಪ್ಪಾ?

ತಂತಿ_ಮಾವ:
ಬರೇ ತಪ್ಪಲ್ಲ, ಜೀವ ತೆಗೆಯುವ ಕೆಲಸ. ಜೂನಿನ ಗಾಳಿಗೆ ಹಲಸಿನ ಗೆಲ್ಲು ಬಿದ್ದು ಕಂಬದ ನ್ಯೂಟ್ರಲ್ ತುಂಡಾಯಿತು ಎನ್ನಿ. ಆಗ ಫೇಸಿನ ಕರೆಂಟು ಮನೆಯ ಬಲ್ಬು, ಫ್ರಿಜ್ಜು ದಾಟಿ ನಿಮ್ಮ ಲೂಪಿನ ಮೂಲಕ ಕಾರಿನ ಮೈಗೇ ಬರುತ್ತದೆ. ಟೈರಿನ ಮೇಲೆ ನಿಂತ ಕಾರಿನಿಂದ ಅದು ನೆಲಕ್ಕೆ ಹೋಗುವುದಿಲ್ಲ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಬಾಗಿಲು ಮುಟ್ಟಿದವನ ಮೂಲಕ ಹೋಗುತ್ತದೆ. ಎಂಸಿಬಿ ಬೀಳುವುದಿಲ್ಲ, ಅದರ ಮಟ್ಟಿಗೆ ಎಲ್ಲ ಸರಿ ಇದೆ.

ಈಗ ನಮ್ಮ ಮುರಕಲ್ಲಿನ ಸಮಸ್ಯೆ. ಗುಡ್ಡೆಯ ಮೇಲಿನ ಒಣ ಕೆಂಪುಕಲ್ಲು ಏಪ್ರಿಲ್‌ನಲ್ಲಿ ಕರೆಂಟು ತಡೆಯುವ ಲೆಕ್ಕದಲ್ಲಿ ಸುಲಭವಾಗಿ 1,000 ಓಮ್-ಮೀಟರ್ ಮುಟ್ಟುತ್ತದೆ. ಅದರಲ್ಲಿ 40 ಮಿ.ಮೀ. ದಪ್ಪ, ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ಹೂತರೆ ಸಿಗುವ ಪ್ರತಿರೋಧ ಸುಮಾರು 330 ಓಮ್. ಫೇಸ್ ತಂತಿ ಮೈಗೆ ತಾಗಿದರೂ ಹರಿಯುವುದು 0.7 ಆಂಪಿಯರ್, 20 ಆಂಪಿಯರಿನ ಎಂಸಿಬಿ ಅದನ್ನು ಗಮನಿಸುವುದೇ ಇಲ್ಲ. ಅದೇ ಜಾಗದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಇದ್ದರೆ ಮೈಗೆ 10 ವೋಲ್ಟ್ ಏರುವಷ್ಟರಲ್ಲಿ ಬಿದ್ದುಬಿಡುತ್ತದೆ. ಹಾಗಾಗಿ ಗುಡ್ಡೆ ಮನೆಗೆ ಆರ್‌ಸಿಸಿಬಿ ಐಚ್ಛಿಕ ಅಲ್ಲ.

ಅರ್ತಿಂಗು ಸರಿ ಮಾಡುವುದು ಹೀಗೆ. ಮನೆ ಪಕ್ಕದ ಕಲ್ಲನ್ನೇ ಕೊರೆಯಬೇಕೆಂದಿಲ್ಲ. ತೋಟದ ಅಂಚಿನಲ್ಲಿ ಬೇಸಗೆಯಲ್ಲೂ ಪಸೆ ಇರುವ ಮಣ್ಣಿನಲ್ಲಿ ಪೈಪು ಇಳಿಸಿ, ಅಲ್ಲಿಂದ 6 ಚದರ ಮಿ.ಮೀ. ಇನ್ಸುಲೇಟೆಡ್ ತಾಮ್ರದ ತಂತಿ ಶೆಡ್ಡಿಗೆ ತನ್ನಿ. 100 ಓಮ್-ಮೀಟರಿನ ಮಣ್ಣಾದರೆ ಅದೇ ಪೈಪು 33 ಓಮ್ ಕೊಡುತ್ತದೆ. ಇನ್ನೊಂದು ಹಾಕುವುದಾದರೆ 5 ಮೀಟರ್ ಅಂತರ ಬೇಕು, ಹತ್ತಿರ ಹಾಕಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ. ಉಪ್ಪು-ಇದ್ದಿಲು ತುಂಬಿದರೆ ಮೂರು ನಾಲ್ಕು ಮಳೆಗಾಲದಲ್ಲಿ ಉಪ್ಪು ತೊಳೆದು ಹೋಗುತ್ತದೆ, ಜಿಐ ತಿಂದು ಹೋಗುತ್ತದೆ. ಬೆಂಟೊನೈಟ್ (ಪಸೆ ಹಿಡಿಯುವ ಜೇಡಿ) ಪುಡಿ ಒಳ್ಳೆಯದು. ನಟ್ಟು-ಬೋಲ್ಟು ಜಾಯಿಂಟ್ ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಿ.

ಪೆರ್ಲ_ಚಡಾವು:
ಇನ್ವರ್ಟರಿನಿಂದ ಚಾರ್ಜ್ ಆಗದೆ ಇರುವುದೂ ಇದೇ ಕಾರಣಕ್ಕೆ. ಇನ್ವರ್ಟರ್, ಸಣ್ಣ ಜನರೇಟರುಗಳ ನ್ಯೂಟ್ರಲ್ ನೆಲಕ್ಕೆ ಕೂಡಿರದೆ ತೇಲುತ್ತಿರುತ್ತದೆ, ಚಾರ್ಜರಿಗೆ ಅರ್ತ್ ಕಾಣುವುದಿಲ್ಲ.

ಚಡಾವಿನ (ಏರು ರಸ್ತೆಯ) ಲೆಕ್ಕ ನಾನು ಕೊಡುತ್ತೇನೆ. ಜನ ತುಂಬಿದ ಆಟೋ 800 ಕಿಲೋ. 100 ಮೀಟರ್ ಎತ್ತರ ಏರಲು ಕನಿಷ್ಠ 0.22 ಯೂನಿಟ್, ಮೋಟಾರಿನ ನಷ್ಟ ಸೇರಿ 0.27. ಸಪಾಟು ರಸ್ತೆಯಲ್ಲಿ ಅದು ಕಿಲೋಮೀಟರಿಗೆ 0.065 ಯೂನಿಟ್ ತಿನ್ನುತ್ತದೆ. ಅಂದರೆ ಪ್ರತಿ 100 ಮೀಟರ್ ಏರಿಗೆ ಸಪಾಟಿನ 4 ಕಿ.ಮೀ. ಕಳೆಯಿರಿ. ಕಾರಿಗೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಇದು ದೊಡ್ಡ ಭೂತವೇನಲ್ಲ.

ಭೂತ ಇರುವುದು ಬಿಸಿಯಲ್ಲಿ. ನಡೆಯುವ ವೇಗದಲ್ಲಿ ಕಡಿದಾದ ಕಾಂಕ್ರೀಟ್ ಚಡಾವು ಹತ್ತುವಾಗ ಮೋಟಾರಿಗೆ ಗರಿಷ್ಠ ಕರೆಂಟು, ತಂಪಾಗಲು ಗಾಳಿ ಇಲ್ಲ. ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಶಕ್ತಿ ಇಳಿಸುತ್ತದೆ, ಗಾಡಿ ಅರ್ಧದಲ್ಲಿ ನಿಲ್ಲುತ್ತದೆ. ಆಗ ಆಕ್ಸಿಲರೇಟರ್ ಒತ್ತಿಯೇ ಗಾಡಿಯನ್ನು ಜಾರದಂತೆ ಹಿಡಿಯಬಾರದು, ಬ್ರೇಕ್ ಹಿಡಿಯಿರಿ. ಚಕ್ರ ತಿರುಗದೆ ಕರೆಂಟು ಹರಿದರೆ ಒಂದೇ ಜೋಡಿ ಫೇಸಿನ ಮಾಸ್ಫೆಟ್ (ಕಂಟ್ರೋಲರಿನೊಳಗಿನ ಸ್ವಿಚ್ಚು) ಸುಡುತ್ತದೆ. ಕ್ಯಾಟಲಾಗಿನ ಏರುವ ಸಾಮರ್ಥ್ಯ ಓದುವಾಗ ಡಿಗ್ರಿಯಾ ಶೇಕಡಾವಾ ನೋಡಿ. 12 ಡಿಗ್ರಿ ಎಂದರೆ ಶೇ. 21, ಆದರೆ ಶೇ. 12 ಎಂದರೆ ಬರೇ 7 ಡಿಗ್ರಿ. ನಿಮ್ಮ ಮನೆಯ ಏರನ್ನು ಫೋನಿನ ಲೆವೆಲ್ ಆ್ಯಪಿನಲ್ಲಿ ಅಳೆದು, ತುಂಬಿದ ಗಾಡಿಯಲ್ಲಿ ಟೆಸ್ಟ್ ಡ್ರೈವ್ ಕೇಳಿ. ಪೇಟೆಯ ಶೋರೂಮಿನ ಎದುರು ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗದು.

ಗುಡ್ಡೆಯ ತುದಿಯಲ್ಲಿ ಮನೆ ಇರುವವರಿಗೆ ಯಾರೂ ಹೇಳದ ಮಾತು: ಬ್ಯಾಟರಿ ಶೇ. 100 ತುಂಬಿಸಿ ಬೆಳಿಗ್ಗೆ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ರೀಜೆನ್ (ಇಳಿಜಾರಿನಲ್ಲಿ ಮೋಟಾರು ವಾಪಸು ಕೊಡುವ) ಕರೆಂಟು ಹಾಕಲು ಜಾಗ ಇರುವುದಿಲ್ಲ, ಗಾಡಿಯ ಹಿಡಿತ ತಟ್ಟನೆ ಮಾಯ, ಬರೇ ಬ್ರೇಕ್ ಪ್ಯಾಡಿನ ಮೇಲೆ ಇಳಿಯಬೇಕು. 90ಕ್ಕೆ ನಿಲ್ಲಿಸಿ.

ಉಪ್ಪುಗಾಳಿ:
ಒಂದು ತಿದ್ದುಪಡಿ. ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಬ್ಯಾಟರಿಗೆ ಯಾವಾಗಲೂ 90 ಅಂದರೆ ಆಗದು. ಅದರ ವೋಲ್ಟೇಜ್ ಮಧ್ಯದಲ್ಲಿ ಸಪಾಟು, ಸೆಲ್ಲಿಗೆ 3.2ರ ಆಸುಪಾಸು. ಎಷ್ಟು ಉಳಿದಿದೆ ಎಂದು ಬ್ಯಾಟರಿ ನೋಡಿಕೊಳ್ಳುವ ಬಿಎಂಎಸ್‌ಗೆ ತಿಳಿಯುವುದು ತುದಿಯಲ್ಲಿ ಮಾತ್ರ. ತಿಂಗಳುಗಟ್ಟಲೆ ತುಂಬಿಸದಿದ್ದರೆ ಮೀಟರಿನಲ್ಲಿ ಶೇ. 15 ತೋರಿಸುತ್ತಿದ್ದ ಗಾಡಿ ಕೂಡಲೇ ನಿಲ್ಲುತ್ತದೆ. ವಾರಕ್ಕೊಮ್ಮೆ, ಮರುದಿನ ಇಳಿಯುವ ಕೆಲಸ ಇಲ್ಲದ ರಾತ್ರಿ ಪೂರ್ತಿ ತುಂಬಿಸಿ. ನಿಕ್ಕೆಲ್ ಇರುವ ಎನ್‌ಎಂಸಿ ಬ್ಯಾಟರಿ ಆದರೆ 80-90 ಸರಿ.

ಪೆರ್ಲ_ಚಡಾವು:
ಒಪ್ಪಿದೆ.

ಉಪ್ಪುಗಾಳಿ:
ನೀರಿನ ಬಗ್ಗೆ. ನೀರು-ಧೂಳು ತಡೆಯುವ ಐಪಿ67 ಗುರುತು ಎಂದರೆ ಹೊಸ ಬ್ಯಾಟರಿ, ಒಂದು ಮೀಟರ್ ಆಳ, ನಿಂತ ಸಿಹಿನೀರು, 30 ನಿಮಿಷ. ಐದು ವರ್ಷದ ಹಳೆಯ ಗ್ಯಾಸ್ಕೆಟ್ಟಿಗೆ ಆ ಮಾತು ಹೊಂದುವುದಿಲ್ಲ, ಉಪ್ಪುನೀರಿಗಂತೂ ಇಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಮೊದಲು ಹಾಳಾಗುವುದು ಬ್ಯಾಟರಿ ಅಲ್ಲ. ಚಾರ್ಜಿಂಗ್ ಕನೆಕ್ಟರಿನ ಪಿನ್ನು, 12 ವೋಲ್ಟಿನ ಅರ್ತ್ ಬೋಲ್ಟು. ಪಿನ್ನು ಹಸಿರುಗಟ್ಟಿದರೆ ಉಜ್ಜಿ ಬಳಸಬೇಡಿ, ಬೆಳ್ಳಿಯ ಲೇಪ ಹೋಗಿ ಬಿಸಿ ಹೆಚ್ಚುತ್ತದೆ, ಬದಲಾಯಿಸಿ. ಪ್ರೆಷರ್ ವಾಶ್ ಹೊಡೆಯುವವನಿಗೆ ಆ ಬಾಗಿಲ ಕಡೆ ಪೈಪು ತಿರುಗಿಸಬೇಡ ಎನ್ನಿ.

ನೆರೆ ನೀರಿನಲ್ಲಿ ಮುಳುಗಿದ ಗಾಡಿಯನ್ನು ಆನ್ ಮಾಡಬೇಡಿ, ಮನೆಯಿಂದ 15 ಮೀಟರ್ ದೂರ ಬಯಲಿನಲ್ಲಿ ಬಿಡಿ. ಆರಿದಂತೆ ಕಂಡ ಲಿಥಿಯಂ ಬೆಂಕಿ ಮರುದಿನವೂ ಏಳಬಲ್ಲದು. ಅದೇ ಕಾರಣಕ್ಕೆ ಅಡಿಕೆ ಸಿಪ್ಪೆ, ಒಣ ಮಡಲು ರಾಶಿ ಹಾಕುವ ಕೊಟ್ಟಿಗೆಯಲ್ಲಿ ಚಾರ್ಜ್ ಇಡಬಾರದು. ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು ಮಂಚದ ಬುಡದಲ್ಲಿ ಚಾರ್ಜ್ ಮಾಡುವವರಿಗೆ ಏನೆನ್ನಲಿ.

ಮುಳ್ಳೇರಿಯ_ಮಳೆ:
ಗುಡುಗು? ಮೇ ತಿಂಗಳದ್ದು, ತುಲಾ ತಿಂಗಳದ್ದು (ಅಕ್ಟೋಬರ್-ನವೆಂಬರ್) ನಮಗೆ ಎರಡೂ ಜೋರು.

ತಂತಿ_ಮಾವ:
ಪ್ಲಗ್ಗು ಕೈಯಲ್ಲಿ ತೆಗೆಯಿರಿ, ಅದೂ ಗುಡುಗು ದೂರದಲ್ಲಿರುವಾಗಲೇ. ಸ್ವಿಚ್ ಆಫ್ ಸಾಲದು. ಅದರೊಳಗಿನ ಕೆಲವು ಮಿಲಿಮೀಟರ್ ಅಂತರವನ್ನು ಸಿಡಿಲು ಲೆಕ್ಕಕ್ಕೇ ಇಡುವುದಿಲ್ಲ, ನ್ಯೂಟ್ರಲ್-ಅರ್ತ್ ತಂತಿ ಕೂಡಿಯೇ ಇರುತ್ತದೆ. ಡಿಬಿಯಲ್ಲಿ (ಮನೆಯ ಎಂಸಿಬಿ ಪೆಟ್ಟಿಗೆ) ಟೈಪ್ 2 ಸರ್ಜ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ತಿರುಗಿಸುವ ಸಾಧನ) ಹಾಕಿ, ಅದರ ತಂತಿ ಅರ್ಧ ಮೀಟರಿಗಿಂತ ಉದ್ದ ಬೇಡ. ಉದ್ದವಾದಷ್ಟು ಅದು ಇದ್ದೂ ಇಲ್ಲದಂತೆ.

ಮೂರುಗಾಲಿ:
ಆಟೋದವರ ಪರವಾಗಿ. ಕಡ್ಡಾಯ ಬಂದರೆ ಮೊದಲು ಬರುವುದು ನಮ್ಮ ಮೇಲೆಯೇ. ಪಬ್ಲಿಕ್ ಚಾರ್ಜಿಂಗ್ ದರಕ್ಕೆ 2024ರ ಕೇಂದ್ರ ಮಾರ್ಗಸೂಚಿ ಹೀಗಿದೆ: ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಾಲು, ಉಳಿದ ಹೊತ್ತಿಗೆ 1.3 ಪಾಲು. ಸುಮಾರು ಇಮ್ಮಡಿ ವ್ಯತ್ಯಾಸ. ಮಧ್ಯಾಹ್ನ 12.30ರಿಂದ 3.30 ಹೇಗೂ ಸ್ಟ್ಯಾಂಡಿನಲ್ಲಿ ಬಾಡಿಗೆ ಕಮ್ಮಿ. ಆ 3 ಗಂಟೆಯಲ್ಲಿ 3 ಕಿಲೋವಾಟಿನಲ್ಲಿ 8-9 ಯೂನಿಟಿನ ಬ್ಯಾಟರಿ ತುಂಬುತ್ತದೆ. ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕಂಬದ ಚಾರ್ಜಿಂಗ್ ಪಾಯಿಂಟ್‌ಗಳು ಇದಕ್ಕೇ ಸರಿ, ಅದರೆದುರು ಬೈಕು ನಿಲ್ಲಿಸಿ ಹೋಗುವವರಿಲ್ಲದಿದ್ದರೆ. ಪ್ಲಗ್ಗು ಹೊಂದುತ್ತದಾ ಎಂದು ಗಾಡಿ ಕೊಳ್ಳುವ ಮೊದಲೇ ನೋಡಿ. ಹೆಚ್ಚಿನ ಕಾರುಗಳಿಗೆ ಸಿಸಿಎಸ್2 ಎಂಬ ಪ್ಲಗ್ಗು ಒಂದೇ ಆಗಿದೆ, ಆಟೋಗಳಲ್ಲಿ ಕಂಪೆನಿಗೊಂದು ನಮೂನೆ.

ಪರ್ಮಿಟ್: ಬ್ಯಾಟರಿ ಸಾರಿಗೆ ವಾಹನಗಳಿಗೆ 2018ರ ಅಕ್ಟೋಬರಿನ ಕೇಂದ್ರ ಅಧಿಸೂಚನೆಯಲ್ಲಿ ಪರ್ಮಿಟ್ ವಿನಾಯಿತಿ ಉಂಟು. ಸ್ಟ್ಯಾಂಡಿನ ಸರದಿ, ಪೇಟೆ ಪಾರ್ಕಿಂಗ್ ಬೇರೆ ವಿಷಯ, ಜಗಳ ಆಗುವುದೂ ಅಲ್ಲೇ.

ಕೆಎಲ್_ಹದಿನಾಲ್ಕು:
ಗಡಿಯವರು ಇದನ್ನೂ ನೋಡಿ. ಬೆಲೆ ನೋಡಿ ಮಂಗಳೂರಿನಲ್ಲಿ ಕೊಂಡು ಕೆಎ ನೋಂದಣಿಯಲ್ಲಿ ಇಟ್ಟರೆ 12 ತಿಂಗಳು ದಾಟಿದ ಮೇಲೆ ಇಲ್ಲಿ ನೋಂದಣಿ ಬದಲಿಸಬೇಕು, ಇಲ್ಲಿನ ತೆರಿಗೆಯೂ ಬೀಳುತ್ತದೆ. ಇಲ್ಲಿ ಕೊಂಡು ಸರ್ವಿಸಿಗೆ ಮಂಗಳೂರಿಗೆ ಹೋಗುವುದಾದರೆ ಹೊರ ರಾಜ್ಯದ ಸೆಂಟರಿನಲ್ಲಿ ಬ್ಯಾಟರಿ ವಾರಂಟಿ ನಡೆಯುತ್ತದೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಎಷ್ಟು ಶೇಕಡಾ ಆರೋಗ್ಯಕ್ಕೆ ಇಳಿದರೆ ಬದಲಿ, ಅಳೆಯುವವರು ಯಾರು, ಅಳೆದ ವರದಿ ಕೈಗೆ ಕೊಡುತ್ತಾರಾ ಎಂಬ ಮೂರೂ ಅದರಲ್ಲಿರಲಿ. ಎಳೆದೊಯ್ಯುವ ಸೇವೆ ಫ್ಲಾಟ್‌ಬೆಡ್ ಲಾರಿಯದ್ದೇ ಆಗಬೇಕು; ಚಾಲನೆಯ ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಮೋಟಾರು ಡೈನಮೋ ಆಗಿ ಕಂಟ್ರೋಲರ್ ಸುಡುತ್ತದೆ.

ಕಂಗಿನಬುಡ:
ಎಲ್ಲ ಸರಿ. ಜೀಪು? ಗೊಬ್ಬರ, ಮುರಕಲ್ಲು, ಮದುವೆ ಅಡುಗೆಯ ಪಾತ್ರೆ ಹೊತ್ತು ತೋಡು ದಾಟುವ ಡೀಸೆಲ್ ಫೋರ್ ವೀಲಿಗೆ ಬದಲಿ ಏನುಂಟು?

ಪೆರ್ಲ_ಚಡಾವು:
ಆ ಬೆಲೆಗೆ, ಆ ಕೆಲಸಕ್ಕೆ ಈಗ ಏನೂ ಇಲ್ಲ. ಕಡ್ಡಾಯ ಎನ್ನುವುದಾದರೆ ವರ್ಗ ನೋಡಿ ಮಾಡಬೇಕು: ಪೇಟೆ ಆಟೋ, ಸ್ಕೂಟರು ಮೊದಲು, ತೋಟದ ಜೀಪು ಕೊನೆಗೆ. ಮನೆಗೆ ಸ್ಕೂಟರೊಂದನ್ನು ಬದಲಿಸಿದರೆ ದಿನಕ್ಕೆ ಬೇಕಾಗುವುದು ಒಂದು ಯೂನಿಟ್ ಅಷ್ಟೇ, ಯಾವ ಲೈನೂ ಕುಸಿಯದು.

ಗಡಿನಾಡ_ಗಾಲಿ:
ಕೊನೆಯದೊಂದು. ಅಂಗಡಿಯಲ್ಲಿ ಆರ್‌ಸಿಸಿಬಿ ಕೇಳಿದರೆ ಇರುವುದು ಒಂದೇ ಜಾತಿ ಅನ್ನುತ್ತಾರೆ. ಹೌದಾ?

ತಂತಿ_ಮಾವ:
ಅಲ್ಲ. ಮುಖದ ಮೇಲಿನ ಚಿತ್ರ ನೋಡಿ. ಚೌಕದೊಳಗೆ ಒಂದೇ ಅಲೆಯ ಗೆರೆ ಇದ್ದರೆ ಟೈಪ್ ಎಸಿ. ಕಾರಿನ ಚಾರ್ಜರಿನಿಂದ ಡಿಸಿ ಸೋರಿದರೆ ಅದರ ಕಣ್ಣು ಕಟ್ಟುತ್ತದೆ, ಬೀಳಬೇಕಾದಾಗ ಬೀಳುವುದಿಲ್ಲ. ಅಲೆಯ ಕೆಳಗೆ ಅರ್ಧರ್ಧ ಗುಡ್ಡೆಯಂಥ ಇನ್ನೊಂದು ಗೆರೆ ಇದ್ದರೆ ಟೈಪ್ ಎ, ಅದೇ ಬೇಕು: 2 ಪೋಲ್, 25 ಆಂಪಿಯರ್, 30 ಮಿಲಿಆಂಪಿಯರ್. ಚಾರ್ಜರಿನ ಒಳಗೆ 6 ಮಿಲಿಆಂಪಿಯರ್ ಡಿಸಿ ಗುರುತಿಸುವ ವ್ಯವಸ್ಥೆ ಇದೆಯೇ ಎಂದು ಅದರ ಪುಸ್ತಕದಲ್ಲಿ ಓದಿ. ಇಲ್ಲದಿದ್ದರೆ ಟೈಪ್ ಬಿ ಹಾಕಬೇಕು, ಬೆಲೆ ಹಲವು ಪಟ್ಟು. ಕಾಸರಗೋಡಿನಲ್ಲಿ ಸ್ಟಾಕ್ ಇಲ್ಲ ಅಂದರೆ ತರಿಸಿಕೊಡಿ ಎನ್ನಿ, ಒಂದು ವಾರ ಕಾಯಿರಿ. ಹಾಕಿದ ಮೇಲೆ ತಿಂಗಳಿಗೊಮ್ಮೆ ‘ಟಿ’ ಗುಂಡಿ ಒತ್ತಿ ಬೀಳುತ್ತದಾ ನೋಡಿ.